ಬೆನ್ನು ಮುರಿದವನ ನಿದ್ರೆಗೆ ಯಾರು ಹೊಣೆ?

ಮೊನ್ನೆ ಕೊಳ್ಳೇಗಾಲ ತಾಲ್ಲೂಕಿನ ಕುಂತೂರಿಗೆ ಹೋಗಿದ್ದೆ. ಕಬ್ಬು ಅರೆಯುವ ಕಾಲದಲ್ಲಿ ಆ ಊರಿನ ರಸ್ತೆಗೆ ರಾತ್ರಿಯೆಂಬುದಿಲ್ಲ. ಕಬ್ಬು ಹೇರಿದ ಲಾರಿ, ಟ್ರಾಕ್ಟರುಗಳು ಓಡಾಡುತ್ತಲೇ ಇರುತ್ತವೆ. ನಾನು ನೋಡಹೋದ ಮಿತ್ರರೂ ಎದ್ದೇ ಇದ್ದರು. ದುಡಿಮೆಗಾಗಿ ಅಲ್ಲ, ನೋವಿನಿಂದ. ಗದ್ದೆಯಲ್ಲಿ ಕಬ್ಬಿನ ಹೊರೆ ಹೊತ್ತು, ಹಲಗೆಯ ಮೇಲೆ ಕಾಲಿಟ್ಟು ಲಾರಿ ಏರುವಾಗ ಜಾರಿ ಬಿದ್ದು ಅವರ ಬೆನ್ನೆಲುಬಿನ ಒಂದು ಮಣಿ ಮುರಿದಿದೆ. ವೈದ್ಯರು ಪರೀಕ್ಷಿಸಿ, ಶಸ್ತ್ರಕ್ರಿಯೆ ಬೇಕಿಲ್ಲವೆಂದು ಹೇಳಿ, ಬೆನ್ನಿಗೆ ಪಟ್ಟಿ ಕಟ್ಟಿ, ಮೂರು ತಿಂಗಳು ಭಾರ ಎತ್ತಕೂಡದು, ಬಗ್ಗಕೂಡದು, ಚೆನ್ನಾಗಿ ನಿದ್ರೆ ಮಾಡಬೇಕು ಎಂದು ಕಳಿಸಿದ್ದಾರೆ.

“ಮೇಷ್ಟ್ರೇ, ಮೊದ್ಲೆರಡು ಮಾಡ್ಬೋದು. ನಿದ್ದೆನ ಎಲ್ಲಿಂದ ತರ್ಲಿ?” ಎಂದು ಅವರು ಕೇಳಿದರು. ನಾನು ಪಾಠ ಹೇಳುವುದನ್ನು ಬಿಟ್ಟು ಪಕ್ಷದ ಕೆಲಸಕ್ಕೆ ಬಂದು ವರ್ಷಗಳಾದರೂ ಪ್ರಶ್ನೆ ಕೇಳಿದವರಿಗೆ ಉತ್ತರ ಹುಡುಕುವ ಅಭ್ಯಾಸ ಹೋಗಿಲ್ಲ. ತಿಳಿದವರನ್ನು ವಿಚಾರಿಸಿ ಬಂದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರು ಮಲಗಿದ್ದುದು ಬರಿಯ ನೆಲದ ಮೇಲೆ, ಒಂದು ಚಾಪೆಯಲ್ಲಿ. ಬೆನ್ನು ನೋವಿಗೆ ಗಟ್ಟಿ ನೆಲವೇ ಮದ್ದು ಎಂಬ ನಂಬಿಕೆ ನಮ್ಮಲ್ಲಿದೆ. ಇದು ಪೂರಾ ಸರಿಯಲ್ಲ. ಜೋತುಬಿದ್ದ ಹಗ್ಗದ ಮಂಚ ಕೆಟ್ಟದ್ದು ನಿಜ. ಆದರೆ ಬರಿಯ ನೆಲದಿಂದ ಏಳುವುದೇ ಮುರಿದ ಬೆನ್ನಿಗೆ ಶಿಕ್ಷೆ. ಮೊಣಕಾಲೆತ್ತರದ ಹಲಗೆ ಮಂಚ, ಅದರ ಮೇಲೆ ತಗ್ಗು ಬೀಳದ ಹತ್ತಿಯ ಹಾಸಿಗೆ, ಇಷ್ಟು ಸಾಕು. ಅಂಗಾತ ಮಲಗಿದರೆ ಮೊಣಕಾಲ ಕೆಳಗೆ ಒಂದು ದಿಂಬು. ಮಗ್ಗುಲಾಗಿ ಮಲಗಿದರೆ ಎರಡು ಮೊಣಕಾಲ ನಡುವೆ ಒಂದು ದಿಂಬು. ದಿಂಬಿಲ್ಲದಿದ್ದರೆ ಹಳೇ ಸೀರೆ, ದುಪ್ಪಟಿಗಳನ್ನು ಸುತ್ತಿ ಇಟ್ಟರೂ ಆಯಿತು. ಬೋರಲು ಮಲಗುವುದು ಬೇಡ.

ಹೊರಳುವಾಗ ಭುಜ, ಸೊಂಟ, ಮೊಣಕಾಲು ಮೂರೂ ಮರದ ದಿಮ್ಮಿ ಉರುಳಿದಂತೆ ಒಟ್ಟಿಗೆ ಉರುಳಬೇಕು, ನಡು ತಿರುಚಬಾರದು. ಏಳುವಾಗ ನೆಟ್ಟಗೆ ಎದ್ದು ಕೂರಬಾರದು. ಮೊದಲು ಮಗ್ಗುಲಾಗಿ, ಕಾಲುಗಳನ್ನು ಮಂಚದಿಂದ ಕೆಳಗಿಳಿಸುತ್ತ, ಕೈಯೂರಿ ಮೈಯನ್ನು ಮೇಲಕ್ಕೆತ್ತಬೇಕು. ಹಾಗೆಂದು ಹಗಲಿರುಳೂ ಮಲಗಿಯೇ ಇರುವುದು ಆರೈಕೆಯಲ್ಲ. ವೈದ್ಯರು ನಡೆಯಬಹುದೆಂದ ಮೇಲೆ ದಿನವೂ ಸ್ವಲ್ಪ ನಡೆಯಬೇಕು. ಇಲ್ಲವಾದರೆ ಸ್ನಾಯು ಸೊರಗುತ್ತದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯವೂ ಉಂಟು. ಬೀಡಿ ಬಿಡಬೇಕು, ಅದರ ಹೊಗೆ ಮೂಳೆ ಕೂಡುವುದನ್ನು ತಡಮಾಡುತ್ತದೆ.

ಇದು ಸ್ಥಿರವಾಗಿ ನಿಂತ ಮುರಿತಕ್ಕೆ ಹೇಳಿದ ಮಾತು. ಎಲ್ಲ ಮುರಿತವೂ ಹಾಗಿರುವುದಿಲ್ಲವಾದ್ದರಿಂದ ವೈದ್ಯರ ಮಾತೇ ಕೊನೆಯ ಮಾತು. ಕಾಲು ಜೋಮು ಹಿಡಿದರೆ, ಬಲ ಕುಂದಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ಬೆಳಗಾಗುವುದನ್ನು ಕಾಯದೆ ಆಸ್ಪತ್ರೆಗೆ ಓಡಬೇಕು. ಬಿದ್ದವನನ್ನು ಕೈಕಾಲು ಹಿಡಿದು ಗೋಣಿಚೀಲದಂತೆ ಎತ್ತುವ ತಪ್ಪನ್ನು ಯಾರೂ ಮಾಡಬೇಡಿ. 108ಕ್ಕೆ ಕರೆಮಾಡಿ, ಅಲ್ಲಿಯವರೆಗೂ ಅವನನ್ನು ಅಲುಗಿಸಬೇಡಿ.

ಇಷ್ಟನ್ನೂ ಹೇಳಿ ಮುಗಿಸಿದಾಗ ಮಿತ್ರರ ಮನೆಯಾಕೆ ಒಳಗಿನಿಂದ ಕೇಳಿದರು: “ದಿಂಬು ನಾ ಸುತ್ಕೊಡ್ತೀನಿ ಅಣ್ಣಾ. ಅಂಗ್ಡಿ ಸಾಲಕ್ಕೆ ಏನ್ ಸುತ್ತಾದು?”

ನನ್ನ ಬಳಿ ಉತ್ತರವಿರಲಿಲ್ಲ. ಮುರಿದ ಮೂಳೆ ಕೂಡಲು ಎರಡು ಮೂರು ತಿಂಗಳು ಬೇಕು. ಆ ತಿಂಗಳುಗಳ ಕೂಲಿ ಎಲ್ಲಿಂದ ಬರಬೇಕು? ನೋವು ಬೆನ್ನಿನದು, ನಿಜ. ಆದರೆ ಕಣ್ಣು ಮುಚ್ಚಗೊಡದಿರುವುದು ನಾಳೆಯ ಅಕ್ಕಿಯ ಚಿಂತೆ.

ಕಾಯಿದೆ ಏನನ್ನುತ್ತದೆ ನೋಡೋಣ. 1948ರ ಕಾರ್ಮಿಕರ ರಾಜ್ಯ ವಿಮಾ ಕಾಯಿದೆ, ಅಂದರೆ ಇಎಸ್‌ಐ, ಕೆಲಸದಲ್ಲಿ ಗಾಯಗೊಂಡ ವಿಮಾದಾರನಿಗೆ ವಾಸಿಯಾಗುವವರೆಗೆ ಕೂಲಿಯ ನೂರಕ್ಕೆ 90ರಷ್ಟು ಸಿಗುವಂತೆ ಮಾಡಿತು. ಆದರೆ ಅದೇ ಕಾಯಿದೆ ‘ಹಂಗಾಮಿ ಕಾರ್ಖಾನೆ’ಗಳನ್ನು ಹೊರಗಿಟ್ಟಿತು. ಸಕ್ಕರೆಯನ್ನಷ್ಟೇ, ಬೆಲ್ಲವನ್ನಷ್ಟೇ ತಯಾರಿಸುವ ಕಾರ್ಖಾನೆಗಳು ಆ ಪಟ್ಟಿಯಲ್ಲಿವೆ. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದೇ ಗೆರೆಯನ್ನು ಉಳಿಸಿಕೊಂಡಿತು. ಹೊರಗುಳಿದವರಿಗೆ ಇರುವುದು 1923ರಿಂದ ನಡೆದುಬಂದ ಪರಿಹಾರದ ನಿಯಮ: ತಾತ್ಕಾಲಿಕವಾಗಿ ದುಡಿಯಲಾರದವನಿಗೆ ಅರ್ಧ ತಿಂಗಳಿಗೊಮ್ಮೆ ತಿಂಗಳ ಕೂಲಿಯ ಕಾಲು ಭಾಗ. ಎರಡು ಕಂತು ಸೇರಿದರೆ ಅರ್ಧ ಕೂಲಿ. ವಿಮೆಯುಳ್ಳವನ ಬೆನ್ನಿಗೆ 90, ಹಂಗಾಮಿನವನ ಬೆನ್ನಿಗೆ 50. ಒಂದೇ ಮೂಳೆಗೆ ಎರಡು ದರ!

ಆ ಅರ್ಧವಾದರೂ ತಾನಾಗಿ ಮನೆಗೆ ಬರುವುದಿಲ್ಲ. ಮೇಸ್ತ್ರಿ ‘ನಾನು ಮಾಲೀಕನಲ್ಲ’ ಎನ್ನುತ್ತಾನೆ, ಮಾಲೀಕ ‘ಅವನು ನನ್ನ ಆಳಲ್ಲ’ ಎನ್ನುತ್ತಾನೆ. ತನ್ನ ಉದ್ಯಮದ ಕೆಲಸವನ್ನು ಗುತ್ತಿಗೆಗೆ ಕೊಟ್ಟ ಮಾಲೀಕನೂ ಹೊಣೆಗಾರನೇ ಎಂದು ಕಾಯಿದೆಯಲ್ಲಿದೆ. ಆದರೆ ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವನು ತಾನು ಆಳೆಂಬುದನ್ನೇ ಮೊದಲು ರುಜುವಾತು ಮಾಡಬೇಕು. ಬಗ್ಗಲಾರದ ಬೆನ್ನು ಹೊತ್ತು ಎಷ್ಟು ಕಚೇರಿ ಅಲೆದಾನು? 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ, ಒಳ್ಳೆಯದೇ. ಆದರೆ ಅದು ಆಸ್ಪತ್ರೆಯ ಬಿಲ್ಲಿಗೆ. ಮನೆಯ ಒಲೆಗೆ ಅಲ್ಲ.

ಇದು ಕೂಲಿಯವರ ಪಾಡು, ನಮಗೇನು ಎಂದು ಅಂಗಡಿಯ ಬಂಧುಗಳು ಪುಟ ತಿರುಗಿಸಬಾರದು. ಸಣ್ಣ ವ್ಯಾಪಾರಿ ತನ್ನ ಅಂಗಡಿಗೆ ತಾನೇ ಧಣಿ, ತಾನೇ ಹಮಾಲಿ. ಅಕ್ಕಿಮೂಟೆ ಇಳಿಸುವಾಗ ಅವನ ಬೆನ್ನು ಮುರಿದರೆ ಆ ಅರ್ಧ ಕೂಲಿಯೂ ಇಲ್ಲ. ಬಾಗಿಲು ಮುಚ್ಚಿದ ದಿನವೂ ಸಾಲದ ಬಡ್ಡಿ ಓಡುತ್ತದೆ. ಕೂಲಿಯವನ ಉದ್ರಿ ವಸೂಲಾಗದಿದ್ದರೆ ನಷ್ಟವೂ ಅವನದೇ. ಒಬ್ಬನ ಬೆನ್ನು ಮುರಿದರೆ ಎರಡು ಮನೆಯ ನಿದ್ರೆ ಕೆಡುತ್ತದೆ.

ನಾವು ಕೇಳಬೇಕಾದುದು ಇಷ್ಟು. ಹಂಗಾಮಿನ ಕಾರ್ಖಾನೆಗೂ, ಅದಕ್ಕಾಗಿ ಕಬ್ಬು ಕಡಿದು ಹೊರುವವರಿಗೂ ಇಎಸ್‌ಐ ಬಾಗಿಲು ತೆರೆಯಲಿ. ಗುತ್ತಿಗೆ ಆಳಿನ ಹೆಸರು ಮೊದಲ ದಿನವೇ ಪುಸ್ತಕಕ್ಕೇರಲಿ. ಸ್ವಂತ ಮೈ ದುಡಿಸಿ ಅಂಗಡಿ ನಡೆಸುವವರಿಗೂ ಅಪಘಾತದ ತಿಂಗಳುಗಳಲ್ಲಿ ಜೀವನಭತ್ಯೆ ಸಿಗಲಿ. ಸರ್ಕಾರಿ ಆಸ್ಪತ್ರೆಯಿಂದ ಮನೆಗೆ ಹೋಗುವ ಬೆನ್ನುಮುರಿದ ರೋಗಿಗೆ ಒಂದು ಮಂಚ, ಶೌಚಕ್ಕೊಂದು ಕುರ್ಚಿ ಎರವಲಾಗಿ ಸಿಗಲಿ.

ಸರ್ಕಾರ ಕೊಡುವವರೆಗೆ ಕೈಕಟ್ಟಿ ಕೂರುವುದೂ ಬೇಡ. ಕುಂತೂರಿನ ಮಿತ್ರರಿಗೆ ನೆರೆಯವರು ಹಲಗೆ ಮಂಚವೊಂದನ್ನು ಹೊತ್ತು ತಂದುಕೊಟ್ಟಿದ್ದಾರೆ. ಅಂದಿನ ರಾತ್ರಿ ಮೂರು ಗಂಟೆ ನಿದ್ರೆ ಬಂತೆಂದು ಹೇಳಿಕಳಿಸಿದರು. ಉಳಿದ ಗಂಟೆಗಳ ನಿದ್ರೆಯನ್ನು ದಿಂಬು ಕೊಡಲಾರದು. ಅದನ್ನು ನಾವು ಸಂಘಟಿತರಾಗಿಯೇ ಪಡೆಯಬೇಕು.