ಅಗಲವಾದ ಪಾದವು ದೋಷವೇ?

ಹೊನ್ನಾವರದಿಂದ ಶರಾವತಿಯ ಸೇತುವೆಯನ್ನು ದಾಟಿ, ಕಾಸರಕೋಡನ್ನು ಹಿಂದಿಕ್ಕಿ ದಕ್ಷಿಣಕ್ಕೆ ಸಾಗಿದರೆ ಅಪ್ಸರಕೊಂಡ ಸಿಗುತ್ತದೆ. ಗುಡ್ಡದ ಮೇಲೆ ನಿಂತರೆ ಕಡಲು ಕಾಣುತ್ತದೆ. ಮೆಟ್ಟಿಲುಗಳನ್ನು ಇಳಿದರೆ ಜಲಪಾತವೂ ಅದರ ಕೊಳವೂ ಇವೆ. ಕಳೆದ ಮಳೆಗಾಲ ಮುಗಿದ ಮೇಲೆ ನಾವು ಕುಟುಂಬಸಮೇತರಾಗಿ ಅಲ್ಲಿಗೆ ಹೋಗಿದ್ದೆವು. ನನ್ನ ಹಿರಿಯ ಸಹೋದರಿ ಅರ್ಧ ಮೆಟ್ಟಿಲು ಇಳಿಯುವಷ್ಟರಲ್ಲಿ ಎಡವಿ, ಪಕ್ಕದಲ್ಲಿದ್ದ ಮೊಮ್ಮಗಳ ಭುಜ ಸಿಕ್ಕಿದ್ದರಿಂದ ಬೀಳದೆ ಉಳಿದರು. ಅಲ್ಲಿಯೇ ಕುಳಿತು ಪಾದರಕ್ಷೆಯನ್ನು ಕಳಚಿದಾಗ ನೋಡಿದೆ: ಕಿರುಬೆರಳಿನ ಪಕ್ಕದಲ್ಲಿ ಬೊಕ್ಕೆ, ಹೆಬ್ಬೆರಳಿನ ಬುಡದಲ್ಲಿ ಕೆಂಪಾದ ಗಂಟು, ಹಿಮ್ಮಡಿಯ ಹಿಂದೆ ಎರಡು ಬೆರಳು ತೂರುವಷ್ಟು ಖಾಲಿ ಜಾಗ. “ನನ್ನ ಕಾಲು ಅಗಲ. ಅಗಲಕ್ಕೆ ಹೊಂದಲೆಂದು ಎರಡು ಅಳತೆ ದೊಡ್ಡದನ್ನೇ ಕೊಳ್ಳಬೇಕು, ಆಗ ಉದ್ದ ಹೆಚ್ಚಾಗುತ್ತದೆ” ಎಂದರು. ಆಮೇಲೆ, ತಪ್ಪೊಪ್ಪಿಕೊಳ್ಳುವವರಂತೆ, “ನನ್ನ ಕಾಲೇ ಸರಿಯಿಲ್ಲ ತಮ್ಮಾ” ಎಂದರು.

ಈ ಕಡೆಯ ಮಾತು ನನ್ನನ್ನು ನೋಯಿಸಿತು. ಎಪ್ಪತ್ತರ ಸಮೀಪದವರೆಗೆ ಮನೆತನವನ್ನು ಹೊತ್ತು ನಿಂತ ಪಾದವು ಸರಿಯಿಲ್ಲವೆಂದು ಅದರ ಒಡತಿಯೇ ನಂಬುವಂತೆ ಮಾಡಿದವರು ಯಾರು? ಈ ಪ್ರಶ್ನೆಯನ್ನು ಸಮಾಜದ ಮುಂದಿಡುವುದೇ ಈ ಲೇಖನದ ಉದ್ದೇಶ. ವಿಷಯವು ಕ್ಷುದ್ರವೆಂದು ಕೆಲವರು ನಗಬಹುದು. ನಿತ್ಯವೂ ನಡೆಯುವ ಹಿಂಸೆ ಕ್ಷುದ್ರವಾಗಿಯೇ ತೋರುತ್ತದೆ ಎಂಬುದನ್ನು ಅಹಿಂಸೆಯನ್ನು ಪರಮಧರ್ಮವೆನ್ನುವ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮೊದಲು ಪಾದದ ಪರವಾಗಿ ಎರಡು ಸಾಕ್ಷ್ಯಗಳು. ನಮ್ಮ ಕರಾವಳಿಯ ಮಣಿಪಾಲದ ಇಬ್ಬರು ಮೂಳೆತಜ್ಞರು 4ರಿಂದ 13 ವರ್ಷದ 2300 ಮಕ್ಕಳ ಪಾದಗಳನ್ನು ಪರೀಕ್ಷಿಸಿ 1992ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಪಾದರಕ್ಷೆ ತೊಡುವ ಮಕ್ಕಳಲ್ಲಿ ಚಪ್ಪಟೆ ಪಾದ ನೂರಕ್ಕೆ 8.6ರಷ್ಟಿದ್ದರೆ, ಬರಿಗಾಲಿನ ಮಕ್ಕಳಲ್ಲಿ 2.8ರಷ್ಟು ಮಾತ್ರ ಇತ್ತು. ಮುಂಭಾಗ ಮುಚ್ಚಿದ ಬೂಟು ತೊಡುವವರಲ್ಲಿ ಅದು ಹೆಚ್ಚು, ತೆರೆದ ಚಪ್ಪಲಿಯವರಲ್ಲಿ ಕಡಿಮೆ. ಪಾದವನ್ನು ಕೆಡಿಸುವುದರಲ್ಲಿ ಪಾದರಕ್ಷೆಗೂ ಪಾಲಿದೆಯೆಂದು ನಂಬಲು ಇದು ಸಾಕು. ಎರಡನೆಯದು ಚೆನ್ನೈಯ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು ನಡೆಸಿದ ಸಮೀಕ್ಷೆ. 2021ರ ಡಿಸೆಂಬರಿನಿಂದ 2022ರ ಮಾರ್ಚಿಯವರೆಗೆ ದೇಶದ 79 ಸ್ಥಳಗಳಲ್ಲಿ 5ರಿಂದ 55 ವಯಸ್ಸಿನ 1,01,880 ಜನರ ಪಾದಗಳನ್ನು ಯಂತ್ರದಿಂದ ಅಳೆಯಲಾಯಿತು. ಭಾರತೀಯರ ಪಾದವು ಐರೋಪ್ಯರ ಮತ್ತು ಅಮೆರಿಕದವರ ಪಾದಕ್ಕಿಂತ ಸಾಮಾನ್ಯವಾಗಿ ಅಗಲವಾದುದೆಂದು ಕಂಡುಬಂದಿತು. ಇದರ ಆಧಾರದ ಮೇಲೆ ‘ಭಾ’ ಎಂಬ ಹೆಸರಿನ ಭಾರತೀಯ ಅಳತೆಯ ಪ್ರಸ್ತಾಪವು 2024ರಲ್ಲಿ ಬೆಳಕಿಗೆ ಬಂದಿತು.

ಇದರ ಅರ್ಥವೇನು? ಬ್ರಿಟಿಷರು ಬಿಟ್ಟುಹೋದ ಅಳತೆಯಲ್ಲಿ, ಅವರ ಕಾಲಿಗಾಗಿ ಕೆತ್ತಿದ ಅಚ್ಚಿನಲ್ಲಿ ನಾವು ಪಾದರಕ್ಷೆಗಳನ್ನು ತಯಾರಿಸುತ್ತ ಬಂದೆವು. ಆ ಅಚ್ಚಿಗೆ ಹೊಂದದ ನಮ್ಮ ಹೆಣ್ಣುಮಕ್ಕಳ ಪಾದವನ್ನು ‘ಅಗಲ’ವೆಂದು ಕರೆದೆವು. ತಕ್ಕಡಿಯ ಕಲ್ಲು ತಪ್ಪಾಗಿದ್ದರೆ ಅಕ್ಕಿಯನ್ನು ದೂರುವ ವರ್ತಕನುಂಟೆ? ಇಷ್ಟಕ್ಕೂ ಪಾದವು ಒಂದೇ ಅಳತೆಯಲ್ಲಿ ನಿಲ್ಲುವ ವಸ್ತುವಲ್ಲ. ಗರ್ಭಿಣಿಯಾದಾಗ ಪಾದದ ಕಮಾನು ತಗ್ಗಿ ಅದು ಉದ್ದವೂ ಅಗಲವೂ ಆಗಬಹುದು. ಹೆರಿಗೆಯ ಅನಂತರ ಹಲವರಲ್ಲಿ ಅದು ಹಿಂದಿನ ಸ್ಥಿತಿಗೆ ಮರಳುವುದಿಲ್ಲ. ವಯಸ್ಸಾದಂತೆ ಸಂಧಿಬಂಧಗಳು ಸಡಿಲವಾಗಿ ಪಾದ ಹರಡುತ್ತದೆ. ದಿನವಿಡೀ ಅಡಿಗೆಮನೆಯಲ್ಲಿ ನಿಂತವರ ಕಾಲು ಸಂಜೆಗೆ ಊದಿಕೊಳ್ಳುತ್ತದೆ. ಅಗಲವಾದ ಪಾದವೆಂದರೆ ಬಹುಮಟ್ಟಿಗೆ ಮಕ್ಕಳನ್ನು ಹೆತ್ತ, ದುಡಿದ, ನಡೆದ ಪಾದ. ನಮ್ಮ ಜಿಲ್ಲೆಯ ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರು 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದ ರತ್ನಗಂಬಳಿಯ ಮೇಲೆ ಬರಿಗಾಲಿನಲ್ಲಿ ನಡೆದು ಪದ್ಮಶ್ರೀಯನ್ನು ಸ್ವೀಕರಿಸಿದಾಗ ಇಡೀ ದೇಶವೇ ತಲೆದೂಗಿತು. ದುಡಿದ ಪಾದವನ್ನು ಚಿತ್ರದಲ್ಲಿ ಕಂಡು ಕೈಮುಗಿಯುವ ನಾವು, ನಮ್ಮ ಮನೆಯ ದುಡಿದ ಪಾದಕ್ಕೆ ಹೊಂದುವ ಒಂದು ಜೊತೆಯನ್ನು ಹುಡುಕಿಕೊಡಲಾರೆವು!

ನಾನು ಅಕ್ಕನನ್ನು ಕರೆದುಕೊಂಡು ಅಂಗಡಿಗಳಿಗೆ ಹೋದೆ. ಒಂದು ಅಂಗಡಿಯಲ್ಲಿ ಗಂಡಸರ ಚಪ್ಪಲಿಯನ್ನು ಮುಂದಿಟ್ಟು, “ಅಮ್ಮಾ, ನಿಮ್ಮ ಕಾಲಿಗೆ ಇದೇ ಸೈ” ಎಂದರು. ಇನ್ನೊಂದರಲ್ಲಿ ರೋಗಿಗಳಿಗೆಂದು ತಯಾರಾದ ಕಪ್ಪು ರಬ್ಬರಿನ ಜೊತೆಯನ್ನು ತೋರಿಸಿದರು. ಮೂರನೆಯದರಲ್ಲಿ ಮಾತ್ರ ಒಂದು ಅಂದವಾದ ಜೊತೆ ಸಿಕ್ಕಿತು. “ಈಗ ಬಿಗಿಯಿದೆ, ಎರಡು ದಿನದಲ್ಲಿ ಹಿಗ್ಗುತ್ತದೆ” ಎಂದು ಅಂಗಡಿಯವರು ಅಭಯವಿತ್ತರು. ಹಿಗ್ಗುವುದು ಏಕೆಂದು ಅಕ್ಕ ಕೇಳಿದರು. “ಅಪ್ಪಟ ಚರ್ಮ ಅಮ್ಮಾ!” ಅಕ್ಕ ಅದನ್ನು ಮೆಲ್ಲನೆ ಕೆಳಗಿಟ್ಟು ತಮ್ಮ ಹಳೆಯ ಜೊತೆಯನ್ನೇ ಮೆಟ್ಟಿಕೊಂಡು ಹೊರಬಂದರು.

ಜೈನ ಮಹಿಳೆಯ ಇಕ್ಕಟ್ಟು ಇಲ್ಲಿಯೇ ಇದೆ. ಚರ್ಮವು ಪಾದದ ಆಕಾರಕ್ಕೆ ಬಗ್ಗುತ್ತದೆ, ರೆಕ್ಸಿನ್ ಬಗ್ಗುವುದಿಲ್ಲ. ಅನ್ಯರು ಚರ್ಮದಲ್ಲಿ ಕಂಡುಕೊಳ್ಳುವ ಪರಿಹಾರವು ವ್ರತನಿಷ್ಠೆಯುಳ್ಳ ಶ್ರಾವಿಕೆಗೆ ಇಲ್ಲ. ಪಶುವನ್ನು ನೋಯಿಸಲಾರೆನೆಂದು ಆಕೆ ತನ್ನನ್ನು ತಾನೇ ನೋಯಿಸಿಕೊಳ್ಳುತ್ತಾಳೆ. ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಎಣಿಸುವಾಗ ಮೊದಲಿಗೆ ಹೆಸರಿಸುವುದು ಬಂಧವನ್ನು, ಅಂದರೆ ಜೀವಿಯನ್ನು ಕಟ್ಟಿ ಬಿಗಿಯುವುದನ್ನು. ಅತಿಭಾರಾರೋಪಣ, ಅಂದರೆ ಮಿತಿಮೀರಿ ಭಾರ ಹೇರುವುದು, ಅದೇ ಪಟ್ಟಿಯಲ್ಲಿದೆ. ಇವು ನಮ್ಮ ಆಶ್ರಯದಲ್ಲಿರುವ ಪಶುಗಳನ್ನೂ ಆಳುಗಳನ್ನೂ ಕುರಿತವೆಂದು ವಿವರಿಸುವ ವಾಡಿಕೆಯುಂಟು. ಎತ್ತಿನ ಕೊರಳ ಹಗ್ಗ ಬಿಗಿಯಾದರೆ ಅತಿಚಾರವೆನ್ನುವ ನಾವು, ಮನೆಯಾಕೆಯ ಬೆರಳುಗಳು ಹತ್ತು ಗಂಟೆಗಳ ಕಾಲ ಒಂದರ ಮೇಲೊಂದು ಒತ್ತಿಕೊಂಡಿದ್ದರೆ, ಮೊನಚು ಹಿಮ್ಮಡಿಯು ದೇಹದ ಭಾರವನ್ನೆಲ್ಲ ಬೆರಳುಗಳ ಬುಡಕ್ಕೆ ತಳ್ಳಿದರೆ, ಅದನ್ನು ಫ್ಯಾಶನ್ ಎಂದು ಕರೆದು ಸುಮ್ಮನಿರಬಹುದೆ?

ಇನ್ನು ಆಕ್ಷೇಪಗಳನ್ನು ಒಂದೊಂದಾಗಿ ಪರಿಶೀಲಿಸೋಣ.

ಮೊದಲನೆಯದು ವರ್ತಕರದು. “ಎಂಟು ಉದ್ದ, ಎರಡು ಬಣ್ಣವೆಂದರೆ ಒಂದು ಮಾದರಿಗೆ 16 ಜೊತೆ ಇಡಬೇಕು. ಮೂರು ಅಗಲಗಳನ್ನೂ ಇಟ್ಟರೆ 48 ಜೊತೆಯಾಗುತ್ತದೆ. ಬಂಡವಾಳ ಮೂರು ಪಟ್ಟಾಗುತ್ತದೆ.” ನಾನೂ ವಾಣಿಜ್ಯವನ್ನು ಓದಿ ಗಲ್ಲಾಪೆಟ್ಟಿಗೆಯ ಹಿಂದೆ ಆಯುಷ್ಯ ಕಳೆದವನು, ಈ ಲೆಕ್ಕ ನನಗೂ ಬರುತ್ತದೆ. ಆದರೆ ಲೆಕ್ಕವನ್ನು ಪೂರ್ತಿ ಮಾಡಿ. ಹೆಚ್ಚು ಮಾರಾಟವಾಗುವ ನಡುವಿನ ನಾಲ್ಕು ಉದ್ದಗಳಲ್ಲಿ ಮಾತ್ರ ಒಂದು ಅಗಲದ ಅಚ್ಚನ್ನು ಸೇರಿಸಿದರೆ ಎರಡು ಬಣ್ಣಕ್ಕೆ 8 ಜೊತೆ ಹೆಚ್ಚುತ್ತದೆ. 16 ಇದ್ದದ್ದು 24 ಆಯಿತೇ ಹೊರತು 48 ಆಗಲಿಲ್ಲ. ಹೊಂದದೆ ಹಿಂದಿರುಗಿ ಬರುವ ಜೊತೆಗಳ ನಷ್ಟವನ್ನೂ, ಬರಿಗೈಯಲ್ಲಿ ಹೊರಟುಹೋಗುವ ಗಿರಾಕಿಯ ನಷ್ಟವನ್ನೂ ನಿಮ್ಮ ಖಾತೆಯ ಯಾವ ಪುಟದಲ್ಲಿ ಬರೆಯುತ್ತೀರಿ? ಬ್ರಿಟನ್ನಿನಲ್ಲಿ ಪಾದರಕ್ಷೆಯ ಉದ್ದಕ್ಕೆ ಅಂಕಿಯೂ ಅಗಲಕ್ಕೆ ಅಕ್ಷರವೂ ಇವೆ. ಹೆಂಗಸರಿಗೆ ‘ಡಿ’ ಸಾಮಾನ್ಯ, ‘ಇ’ ಅಗಲ, ‘ಇಇ’ ಇನ್ನೂ ಅಗಲ. ನಮಗೆ ಅಂಕಿಯನ್ನು ಬಿಟ್ಟುಹೋದ ಅವರು ಅಕ್ಷರವನ್ನು ಮಾತ್ರ ತಮ್ಮಲ್ಲೇ ಇಟ್ಟುಕೊಂಡರೆ?

ಎರಡನೆಯ ಆಕ್ಷೇಪ ಹೀಗಿದೆ: “ಹೇಗೂ ಸತ್ತ ಪಶುವಿನ ಚರ್ಮವಲ್ಲವೆ? ಕಾಲು ನೋಯುವವರು ಕೊಂಡರೆ ತಪ್ಪೇನು?” ಚರ್ಮಕ್ಕೆ ಬೆಲೆಯಿರುವವರೆಗೆ ವಧೆಗೆ ಆದಾಯವಿರುತ್ತದೆ ಎಂಬುದು ವ್ಯಾಪಾರ ಬಲ್ಲ ಯಾರಿಗಾದರೂ ತಿಳಿದೀತು. ಆದರೆ ಚರ್ಮವನ್ನು ಬಿಟ್ಟವರು ರೆಕ್ಸಿನ್‌ನಲ್ಲಿ ಸುಖವಾಗಿದ್ದಾರೆಂದು ನಟಿಸುವುದೂ ಪ್ರಾಮಾಣಿಕತೆಯಲ್ಲ. ಅಗ್ಗದ ರೆಕ್ಸಿನ್ ಬೆವರನ್ನು ಹೀರುವುದಿಲ್ಲ. ನಮ್ಮ ಕರಾವಳಿಯ ತೇವದಲ್ಲಿ ಅದರ ಮೇಲ್ಪದರ ಸುಲಿಯುತ್ತದೆ. ಪಾಲಿಯುರಿಥೇನಿನ ಅಟ್ಟೆಯು ಕಪಾಟಿನಲ್ಲಿ ಇಟ್ಟಲ್ಲಿಯೇ ಪುಡಿಯಾಗುವುದೂ ಉಂಟು. ಹೀಗಿರುವಾಗ ನಮ್ಮ ಪ್ರಶ್ನೆಯು ‘ಚರ್ಮವೋ ರೆಕ್ಸಿನ್ನೋ’ ಎಂಬಲ್ಲಿಗೆ ನಿಲ್ಲಬಾರದು. ಹೆಣೆದ ನೂಲಿನ ಮೇಲ್ಭಾಗ, ಕ್ಯಾನ್ವಾಸು, ರಬ್ಬರು, ಬೆಂಡು ಇವೆಲ್ಲವೂ ಇವೆ. ಹೆಣಿಗೆಯ ಬಟ್ಟೆ ಚರ್ಮದಂತೆಯೇ ಹಿಗ್ಗುತ್ತದೆ. ಕುಷ್ಠರೋಗಿಗಳ ಹಾಗೂ ಮಧುಮೇಹಿಗಳ ಪಾದರಕ್ಷಣೆಗಾಗಿ ನಮ್ಮ ದೇಶದ ವೈದ್ಯರು ಬಹುಕಾಲದಿಂದ ಬಳಸುತ್ತಿರುವ ಮೈಕ್ರೋಸೆಲ್ಯುಲಾರ್ ರಬ್ಬರಿನ ಮೆತ್ತನೆಯ ಅಟ್ಟೆಯಲ್ಲಿ ಚರ್ಮದ ಸೋಂಕಿಲ್ಲ. ಅದರ ಮೇಲೆ ಕಾಲಕ್ಕೊಪ್ಪುವ ಅಂದದ ಪಟ್ಟಿಯನ್ನು ಹೊಲಿಯಬಾರದೆಂದು ಯಾರೂ ವಿಧಿಸಿಲ್ಲ.

ಮೂರನೆಯ ಆಕ್ಷೇಪ ನಮ್ಮವರದೇ. “ಅಂದದ ಆಸೆಯೇ ಪರಿಗ್ರಹ. ವಯಸ್ಸಾದವರಿಗೆ ಸೊಬಗೇಕೆ? ಮುನಿಗಳು ಬರಿಗಾಲಿನಲ್ಲಿ ವಿಹರಿಸುವುದಿಲ್ಲವೆ?” ಮುನಿಗಳ ಮಹಾವ್ರತವನ್ನು ಗೃಹಸ್ಥೆಯ ಮೇಲೆ ಹೇರುವವರು ತಾವು ಮಾತ್ರ ಹೊಳೆಯುವ ಬೂಟು ಧರಿಸಿ ಮದುವೆಯ ಮಂಟಪಕ್ಕೆ ಬರುತ್ತಾರೆ! ಹೊಂದದ ನಾಲ್ಕು ಜೊತೆಗಳನ್ನು ಕಪಾಟಿನಲ್ಲಿ ಪೇರಿಸುವುದು ಪರಿಗ್ರಹವೋ, ಹೊಂದುವ ಒಂದೇ ಜೊತೆಯನ್ನು ಹಲವು ವರ್ಷ ಸವೆಸುವುದು ಪರಿಗ್ರಹವೋ? ಸೊಬಗೆಂಬುದೂ ಶಾಶ್ವತವಾದ ಅಳತೆಯಲ್ಲ. ಚೀನಾದಲ್ಲಿ ಶತಮಾನಗಳ ಕಾಲ ಹೆಣ್ಣುಮಕ್ಕಳ ಪಾದಗಳನ್ನು ಬಟ್ಟೆಯಿಂದ ಬಿಗಿದು ಮೂಳೆ ಮುರಿದು ಕಿರಿದಾಗಿಸುತ್ತಿದ್ದರು. ಅದೇ ಅಂದಿನ ಚೆಲುವು. 1912ರಲ್ಲಿ ಗಣರಾಜ್ಯವು ಬಂದಾಗ ಅದನ್ನು ನಿಷೇಧಿಸಿತು. ಇಂದು ಹೆಣ್ಣಿನ ಗುರುತೆನಿಸಿದ ಎತ್ತರದ ಹಿಮ್ಮಡಿಯೂ ಮೊದಲು ಪರ್ಷಿಯದ ಕುದುರೆ ಸವಾರರದು. ಅಲ್ಲಿಂದ ಅದು ಯುರೋಪಿನ ಆಸ್ಥಾನದ ಗಂಡಸರ ಕಾಲಿಗೇ ಏರಿತು. ಮನುಷ್ಯರು ಮಾಡಿದ ಚೆಲುವಿನ ಅಳತೆಯನ್ನು ಮನುಷ್ಯರೇ ಬದಲಿಸಬಹುದು. ನೂರು ಜನ ಸೇರುವ ಪೂಜೆಗೋ ಮದುವೆಗೋ ಸೀರೆಗೆ ಒಪ್ಪುವ ಪಾದರಕ್ಷೆಯನ್ನು ತೊಟ್ಟು ಸಂಕೋಚವಿಲ್ಲದೆ ನಡೆಯಬೇಕೆಂಬುದು ಮೋಹವಲ್ಲ, ಮರ್ಯಾದೆ.

ಹಾಗಾದರೆ ಮಾಡಬೇಕಾದುದೇನು? ಮೊದಲು ಮನೆಯಲ್ಲಿ. ಸಂಜೆಯ ಹೊತ್ತಿಗೆ ಕಾಗದದ ಮೇಲೆ ಭಾರ ಬಿಟ್ಟು ನಿಂತು, ಎರಡೂ ಪಾದಗಳ ಸುತ್ತ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಬೆರಳುಗಳ ಬುಡದಲ್ಲಿ ಅತ್ಯಂತ ಅಗಲವಾದ ಜಾಗವನ್ನು ಅಳೆದು ಬರೆದಿಡಿ. ಆ ಕಾಗದವನ್ನು ಅಂಗಡಿಗೆ ಒಯ್ದು ಪಾದರಕ್ಷೆಯ ಅಟ್ಟೆಯ ಮೇಲಿಡಿ. ಗೆರೆ ಅಂಚನ್ನು ಮೀರಿದರೆ ಆ ಜೊತೆ ನಿಮ್ಮದಲ್ಲ, ಎಷ್ಟೇ ಅಂದವಾಗಿರಲಿ. ಉದ್ದ ಹೆಚ್ಚಿಸಿ ಅಗಲ ಪಡೆಯಬೇಡಿ. ಅಪ್ಸರಕೊಂಡದ ಮೆಟ್ಟಿಲಿನಲ್ಲಿ ನಾವು ಕಂಡದ್ದು ಅದರ ಫಲವನ್ನೇ. ಮೊನಚು ಮೂತಿಯದನ್ನು ಬಿಟ್ಟು ದುಂಡು ಮುಂಭಾಗದ್ದನ್ನು, ಕಡ್ಡಿಯಂಥ ಹಿಮ್ಮಡಿಯನ್ನು ಬಿಟ್ಟು ಎರಡು ಬೆರಳು ಎತ್ತರದ ಅಗಲ ಹಿಮ್ಮಡಿಯನ್ನು, ಹೊಲಿದು ಬಿಗಿದ ಪಟ್ಟಿಯ ಬದಲು ಸಡಿಲಿಸಬಹುದಾದ ಅಡ್ಡಪಟ್ಟಿಯನ್ನು ಆರಿಸಿರಿ. ಒಳಗಿನ ಮುದ್ರೆಯನ್ನೂ ನೋಡಿ: ಐರೋಪ್ಯ ಒಕ್ಕೂಟದ 1994ರ ನಿಯಮದಂತೆ ಗುರುತು ಹಾಕಿದ ಪಾದರಕ್ಷೆಗಳಲ್ಲಿ ಹರಡಿದ ತೊಗಲಿನ ಆಕಾರವಿದ್ದರೆ ಚರ್ಮ, ಬಲೆಯ ಚಿತ್ರವಿದ್ದರೆ ಬಟ್ಟೆ, ವಜ್ರಾಕೃತಿಯಿದ್ದರೆ ಇತರ ವಸ್ತು. ಮೇಲ್ಭಾಗ, ಒಳಪದರ, ಅಟ್ಟೆ ಮೂರಕ್ಕೂ ಪ್ರತ್ಯೇಕ ಗುರುತಿರುತ್ತದೆ. ಮೇಲೆ ಬಟ್ಟೆಯಿದ್ದು ಒಳಗೆ ಚರ್ಮವಿರುವ ಜೊತೆಗಳಿಂದ ಮೋಸಹೋಗಬೇಡಿ.

ಎರಡನೆಯದು ನಮ್ಮ ಬಸದಿಗಳ ಆಡಳಿತ ಮಂಡಳಿಗಳಿಗೆ. ಬಸದಿಯ ಹೊಸ್ತಿಲಲ್ಲಿ ಪಾದರಕ್ಷೆಯನ್ನು ಕಳಚುವುದು ನಮ್ಮ ಸಂಪ್ರದಾಯ. ಶ್ರವಣಬೆಳಗೊಳದ ವಿಂಧ್ಯಗಿರಿಯ ಆರುನೂರಕ್ಕೂ ಮಿಕ್ಕಿದ ಮೆಟ್ಟಿಲುಗಳನ್ನು ಬರಿಗಾಲಿನಲ್ಲಿಯೇ ಏರುತ್ತೇವೆ. ಅದು ಹಾಗೆಯೇ ಇರಲಿ. ಆದರೆ ನಮ್ಮ ಎಷ್ಟು ಬಸದಿಗಳ ಮುಂದೆ ವೃದ್ಧೆಯೊಬ್ಬರು ಕುಳಿತು ಚಪ್ಪಲಿ ಬಿಚ್ಚಲು ಒಂದು ಕಲ್ಲುಬೆಂಚು ಇದೆ? ಹಬ್ಬದ ಸಮಾರಂಭಗಳಿಗೆ ಶಾಮಿಯಾನದ ಬಣ್ಣವನ್ನು ಚರ್ಚಿಸಲು ಮೂರು ಸಭೆಗಳಾಗುತ್ತವೆ. ಈ ಬೆಂಚಿಗೆ ಒಂದು ಠರಾವೂ ಆಗಿಲ್ಲ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತನ್ನು ಪಡೆದವು. ಅಥಣಿ, ನಿಪ್ಪಾಣಿಗಳಲ್ಲಿ ಕೈಕೆಲಸದ ನಿಪುಣರಿದ್ದಾರೆ. ಅದೇ ಸೀಮೆಯಲ್ಲಿ ನಮ್ಮ ಸಮಾಜದವರೂ ಬಹುಸಂಖ್ಯೆಯಲ್ಲಿದ್ದಾರೆ. ಆ ಕುಶಲಿಗಳ ಚರ್ಮವನ್ನು ಬೇಡವೆನ್ನುವುದಷ್ಟೇ ನಮ್ಮ ಧರ್ಮವೆ? ಅವರ ಕೈಗೆ ಬೇರೆ ಸಾಮಗ್ರಿಯನ್ನೂ ಖಚಿತವಾದ ಬೇಡಿಕೆಯನ್ನೂ ಕೊಡುವುದು ನಮ್ಮ ಧರ್ಮವಾಗಬೇಡವೆ? ಗುಳೇದಗುಡ್ಡದ ಖಣವನ್ನು ರೇಷ್ಮೆ ಬೆರೆಸದೆ ನೇಯಿಸಿ ಪಟ್ಟಿ ಮಾಡಿದರೆ, ಮೆತ್ತನೆಯ ರಬ್ಬರು ಅಟ್ಟೆಯಾದರೆ, ಅಗಲದ ಅಚ್ಚಿನಲ್ಲಿ ಅದನ್ನು ಹೊಲಿದರೆ, ಯಾವ ಹೆಣ್ಣುಮಗಳು ಅದನ್ನು ಮೆಚ್ಚಲಾರಳು? ಒಂದು ಊರಿನ ಮಹಿಳಾ ಸಮಾಜವು ಐವತ್ತು ಪಾದಗಳ ಗೆರೆಚಿತ್ರಗಳನ್ನು ಒಟ್ಟುಗೂಡಿಸಿ ಮುಂಗಡದೊಡನೆ ಕಳಿಸಿಕೊಟ್ಟರೆ, ಇಲ್ಲವೆನ್ನುವ ತಯಾರಕನು ವಿರಳ. ಗಿರಾಕಿಯು ಒಬ್ಬಂಟಿಯಾಗಿದ್ದಾಗ “ನಿಮ್ಮ ಕಾಲೇ ಅಗಲ” ಎನ್ನುವ ಪೇಟೆಯು ಐವತ್ತು ಜನ ಒಟ್ಟಾಗಿ ಬಂದಾಗ ಹೊಸ ಅಚ್ಚನ್ನು ಕೆತ್ತಿಸುತ್ತದೆ. ಇದು ನನ್ನ ನಲವತ್ತು ವರ್ಷಗಳ ವ್ಯಾಪಾರದ ಅನುಭವ.

ಧರ್ಮಬಂಧುಗಳೇ, ನಡೆಯುವಾಗ ಮುಂದಿನ ನೆಲವನ್ನು ನೋಡಿ, ಇರುವೆಯನ್ನೂ ಮೆಟ್ಟದೆ ಹೆಜ್ಜೆಯಿಡುವುದು ಈರ್ಯಾಸಮಿತಿ. ಅದು ಮುನಿಗಳಿಗೆ ನಿಯಮ, ನಮಗೆ ಆದರ್ಶ. ಪ್ರತಿ ಹೆಜ್ಜೆಗೂ ತನ್ನ ಕಾಲಿನ ನೋವನ್ನೇ ಎಣಿಸುವವಳು ನೆಲದ ಮೇಲಿನ ಜೀವವನ್ನು ಹೇಗೆ ನೋಡಿಯಾಳು? ಅಕ್ಕ ಈಗ ತಮ್ಮ ಪಾದದ ಗೆರೆಚಿತ್ರವನ್ನು ಮಡಿಸಿ ಕೈಚೀಲದಲ್ಲಿಟ್ಟುಕೊಂಡಿದ್ದಾರೆ. ಹೊಂದುವ ಜೊತೆ ಇನ್ನೂ ಸಿಕ್ಕಿಲ್ಲ. ಆದರೆ “ನನ್ನ ಕಾಲು ಸರಿಯಿಲ್ಲ” ಎಂಬ ಮಾತನ್ನು ಅವರು ಬಿಟ್ಟಿದ್ದಾರೆ. “ಇವರ ಅಚ್ಚು ಸರಿಯಿಲ್ಲ” ಎನ್ನುತ್ತಾರೆ. ಉಳಿದ ನಲವತ್ತೊಂಬತ್ತು ಗೆರೆಚಿತ್ರಗಳು ನಿಮ್ಮ ಮನೆಗಳಿಂದ ಬರಬೇಕಾಗಿದೆ.