ಕ್ಲಿಪ್ ಹಾಕಿದ ಹಲ್ಲಿಗೆ ಫ್ಲೋರೈಡ್ ಬೇಕೇ ಬೇಕು

ಮಗುವಿನ ಹಲ್ಲಿಗೆ ಕ್ಲಿಪ್ ಹಾಕಿಸಿ, ಮರುದಿನವೇ ‘ಫ್ಲೋರೈಡ್ ಇಲ್ಲದ’ ಟೂತ್‌ಪೇಸ್ಟ್ ತಂದುಕೊಡುವ ತಂದೆತಾಯಿಯರಿದ್ದಾರೆ. ವಾಟ್ಸ್ಯಾಪಿನಲ್ಲಿ ಬಂದ ವೀಡಿಯೊ ನೋಡಿ ಹೆದರಿದವರು ಅವರು. ಅವರ ಕಾಳಜಿ ನಿಜ. ಆದರೆ ಅದರಿಂದ ಹಾಳಾಗುವುದು ಮಗುವಿನ ಹಲ್ಲೇ.

ಈ ಭಯದ ಮೂಲ ಅಮೆರಿಕದ ಜಗಳ. ಅಲ್ಲಿ 1945ರಿಂದ ಊರಿನ ನಲ್ಲಿ ನೀರಿಗೆ ಫ್ಲೋರೈಡ್ ಬೆರೆಸುತ್ತ ಬಂದಿದ್ದಾರೆ. 2025ರಲ್ಲಿ ಯೂಟಾ ರಾಜ್ಯ ಅದನ್ನು ನಿಷೇಧಿಸಿತು. ನಮ್ಮಲ್ಲಿ ನೀರಿಗೆ ಯಾರೂ ಫ್ಲೋರೈಡ್ ಬೆರೆಸಬೇಕಿಲ್ಲ, ನೆಲದ ಕಲ್ಲಿನಿಂದಲೇ ಅದು ಕೊಳವೆಬಾವಿಗೆ ಸೇರುತ್ತದೆ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯ ಹಳ್ಳಿಗಳ ಕಂದುಗಟ್ಟಿದ ಹಲ್ಲುಗಳು ಅದಕ್ಕೆ ಸಾಕ್ಷಿ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ ನಮ್ಮ ಮಾನದಂಡ. ಅದರ ಎರಡು ಪಟ್ಟು ಇರುವ ನೀರನ್ನು ದಿನಕ್ಕೆ ಎರಡು ಲೀಟರ್ ಕುಡಿದರೆ ಹೊಟ್ಟೆಗೆ 6 ಮಿಲಿಗ್ರಾಂ ಹೋಗುತ್ತದೆ. ಬಟಾಣಿ ಕಾಳಿನಷ್ಟು ಪೇಸ್ಟಿನಲ್ಲಿರುವುದು ಸುಮಾರು ಕಾಲು ಮಿಲಿಗ್ರಾಂ, ಅದನ್ನೂ ಉಗುಳುತ್ತೇವೆ. ಕೊಳವೆಬಾವಿಯ ತಪ್ಪಿಗೆ ಪೇಸ್ಟನ್ನು ಬಿಡಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ.

ಇನ್ನೊಂದು ಮಾತು. ಹೆಚ್ಚಿನ ಫ್ಲೋರೈಡ್‌ನಿಂದ ಹಲ್ಲಿನ ಮೇಲೆ ಕಲೆ (ಫ್ಲೋರೋಸಿಸ್) ಮೂಡುವುದು ಎನಾಮಲ್ ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಸರಿಸುಮಾರು ಎಂಟು ವರ್ಷದೊಳಗೆ. ಕ್ಲಿಪ್ ಹಾಕಿಸಿಕೊಳ್ಳುವ ಹೆಚ್ಚಿನ ಮಕ್ಕಳು ಆ ವಯಸ್ಸು ದಾಟಿರುತ್ತಾರೆ.

ಅವರಿಗೆ ಎದುರಾಗಿರುವ ಅಪಾಯ ಬೇರೆಯದು. ಹಲ್ಲಿಗೆ ಅಂಟಿಸಿದ ಬ್ರಾಕೆಟ್‌ನ ಸುತ್ತ, ತಂತಿಯ ಕೆಳಗೆ ಬ್ರಷ್ ಸರಿಯಾಗಿ ತಲುಪುವುದಿಲ್ಲ. ಅಲ್ಲಿ ಕೂತ ಪಾಚಿಯಲ್ಲಿನ ಬ್ಯಾಕ್ಟೀರಿಯಾ ಸಕ್ಕರೆಯನ್ನು ಆಮ್ಲ ಮಾಡುತ್ತದೆ, ಆಮ್ಲ ಎನಾಮಲ್‌ನ ಖನಿಜವನ್ನು ಕರಗಿಸುತ್ತದೆ. ನಾಲ್ಕು ವಾರಗಳಲ್ಲೇ ಸುಣ್ಣದಂಥ ಬಿಳಿ ಮಚ್ಚೆ ಕಾಣಿಸಿಕೊಳ್ಳಬಹುದು. ಒಂದೂವರೆ, ಎರಡು ವರ್ಷ ನೋವು ತಿಂದು ಹಲ್ಲು ನೇರ ಮಾಡಿಸಿಕೊಂಡ ಹುಡುಗಿ, ಕ್ಲಿಪ್ ಬಿಚ್ಚಿದ ದಿನ ಕನ್ನಡಿಯಲ್ಲಿ ನೋಡುವುದು ಆ ಮಚ್ಚೆಗಳನ್ನು. ಅವು ಪೂರ್ತಿ ಮಾಯವಾಗುವುದು ಕಷ್ಟ. ಕರಗಿದ ಖನಿಜ ಮರಳಿ ಕೂರಲು ನೆರವಾಗುವುದೇ ಫ್ಲೋರೈಡ್. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಫ್ಲೋರೈಡ್ ಪೇಸ್ಟನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿದ್ದು ಸುಮ್ಮನೆ ಅಲ್ಲ. ಪೇಸ್ಟಿನಲ್ಲಿನ ಫ್ಲೋರೈಡ್‌ಗೆ ಭಾರತದ ನಿಯಮದ ಮಿತಿ 1000 ಪಿಪಿಎಂ, ಅದನ್ನು ಟ್ಯೂಬಿನ ಮೇಲೆ ಮುದ್ರಿಸಲೇಬೇಕು. ಓದಿ ಕೊಳ್ಳಿ.

ಫ್ಲೋರೈಡ್ ವಿರೋಧಿಗಳ ಒಂದು ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆಮ್ಲೀಯವಾದ, ಗಾಢವಾದ ಫ್ಲೋರೈಡ್ ಜೆಲ್ ಟೈಟಾನಿಯಂ ಇರುವ ತಂತಿಯನ್ನು ಸವೆಸಬಲ್ಲದೆಂದು ಪ್ರಯೋಗಾಲಯದ ಪರೀಕ್ಷೆಗಳು ತೋರಿಸಿವೆ. ಹಾಗಿದ್ದರೆ ವೈದ್ಯರು ಆ ಜೆಲ್ ಬಿಟ್ಟು ಫ್ಲೋರೈಡ್ ವಾರ್ನಿಷ್ ಹಚ್ಚಲಿ. ಪೇಸ್ಟನ್ನೇ ಬಿಡಿಸುವುದಕ್ಕೆ ಅದು ಕಾರಣವಲ್ಲ.

ನಿಜವಾಗಿ ಕೇಳಬೇಕಾದ್ದನ್ನು ನಾವು ಕೇಳುತ್ತಿಲ್ಲ. ಕ್ಲಿಪ್‌ಗೆ ಬಳಸುವ ನಿಕಲ್-ಟೈಟಾನಿಯಂ ತಂತಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನಿಕಲ್. ಗಿಲೀಟಿನ ಓಲೆ ಹಾಕಿದರೆ ಕಿವಿ ತುರಿಸಿ ಕೆಂಪಾಗುವ ಮಗುವಿಗೆ ಇದು ತೊಂದರೆ ಕೊಡಬಹುದು. ಬ್ರಾಕೆಟ್ ಅಂಟಿಸುವ ಮೊದಲೇ ವೈದ್ಯರು ಅಂಥ ಅಲರ್ಜಿ ಇದೆಯೇ ಎಂದು ಕೇಳಬೇಕು. ಮನೆಯಲ್ಲಿ ಯಾವ ನೀರು ಕುಡಿಯುತ್ತೀರಿ ಎಂದೂ ಕೇಳಬೇಕು. ಏಕೆಂದರೆ ಫ್ಲೋರೋಸಿಸ್ ತೀವ್ರವಾಗಿರುವ ಹಲ್ಲಿನ ಮೇಲೆ ಅಂಟು ಸರಿಯಾಗಿ ಹಿಡಿಯದೆ ಬ್ರಾಕೆಟ್ ಕಳಚಬಹುದು. ಯಾವ ತಂತಿ, ಯಾವ ಅಂಟು ಎಂಬುದನ್ನು ಮಗುವಿನ ಕಾರ್ಡಿನಲ್ಲಿ ಬರೆದುಕೊಡಬೇಕು. ಇಷ್ಟು ದುಡ್ಡು ಕೊಡುವ ತಂದೆತಾಯಿ ಇದನ್ನು ಹಕ್ಕಿನಿಂದ ಕೇಳಲಿ.