ತಾಜ್ ಹೋಟೆಲಿನ ದೆವ್ವಕ್ಕೆ ಹೆಸರಿದೆ, ಕಟ್ಟಿದವರಿಗೆ?

ಮೊನ್ನೆ ರಾತ್ರಿ ಮಲಗುವ ಮುಂಚೆ ಸುಮ್ಮನೆ ಫೋನ್ ನೋಡ್ತಾ ಇದ್ದೆ. ಭಾರತದ ದೆವ್ವದ ಹೋಟೆಲ್‌ಗಳು ಅಂತ ಒಂದು ರೀಲ್ ಬಂತು. ಕತ್ತಲೆ ಕಾರಿಡಾರ್, ಕಿರ್ರ್ ಅನ್ನೋ ಬಾಗಿಲು, ಹಿನ್ನೆಲೆಯಲ್ಲಿ ನಾಯಿ ಊಳಿಡೋ ಸದ್ದು. ಎರಡು ಹೋಟೆಲ್ ಮುಗಿದ ಮೇಲೆ ಮುಂಬೈನ ತಾಜ್ ಮಹಲ್ ಪ್ಯಾಲೇಸ್ ಬಂತು. ಆ ಕಥೆ ನಿಮ್ಮ ವಾಟ್ಸ್ಆ್ಯಪ್‌ಗೂ ಒಂದಲ್ಲ ಒಂದು ಸಲ ಬಂದಿರುತ್ತೆ.

ಡಬ್ಲ್ಯು. ಎ. ಚೇಂಬರ್ಸ್ ಅನ್ನೋ ಇಂಗ್ಲಿಷ್ ವಾಸ್ತುಶಿಲ್ಪಿ ಹೋಟೆಲಿನ ನಕ್ಷೆ ಬರೆದುಕೊಟ್ಟು ಇಂಗ್ಲೆಂಡಿಗೆ ಹೋದನಂತೆ. ವಾಪಸ್ ಬಂದು ನೋಡಿದರೆ ಕಟ್ಟಡ ಉಲ್ಟಾ ಎದ್ದು ನಿಂತಿದೆ! ಸಮುದ್ರದ ಕಡೆ ಇರಬೇಕಾದ ಮುಂಬಾಗಿಲು ಊರ ಕಡೆ ಇದೆ. ಕೆಲಸಗಾರರು ನಕ್ಷೆಯನ್ನು ತಿರುಗಾಮುರುಗಾ ಹಿಡಿದಿದ್ದರಂತೆ. ಆ ಅವಮಾನ ತಡೆಯಲಾರದೆ ಚೇಂಬರ್ಸ್ ಮೇಲಿಂದ ಹಾರಿ ಪ್ರಾಣ ಬಿಟ್ಟ. ಅವತ್ತಿನಿಂದ ಹಳೇ ಕಟ್ಟಡದ ಕಾರಿಡಾರುಗಳಲ್ಲಿ ಅವನ ಆತ್ಮ ಓಡಾಡ್ತಾ ಇದೆ.

ಕಥೆ ಚೆನ್ನಾಗಿದೆ. ನಾನೂ ಎಷ್ಟೋ ವರ್ಷ ಇದನ್ನು ನಂಬಿದ್ದೆ, ಸ್ನೇಹಿತರಿಗೆ ಹೇಳಿಯೂ ಇದ್ದೆ. ಈಗ ಅದೇ ಕಥೆ ಕೇಳಿದರೆ ಹೆದರಿಕೆ ಆಗಲ್ಲ, ಸ್ವಲ್ಪ ಸಿಟ್ಟು ಬರುತ್ತೆ. ಯಾಕೆ ಅಂತ ಹೇಳ್ತೀನಿ.

ನಕ್ಷೆ ಬರೆದದ್ದು ಯಾರು?

ತಾಜ್ ಹೋಟೆಲಿನ ನಕ್ಷೆ ಬರೆದವರು ಚೇಂಬರ್ಸ್ ಅಲ್ಲ. ಸೀತಾರಾಮ್ ಖಂಡೇರಾವ್ ವೈದ್ಯ ಮತ್ತು ಡಿ. ಎನ್. ಮಿರ್ಜಾ ಅನ್ನೋ ಇಬ್ಬರು ಭಾರತೀಯರು. ವೈದ್ಯ ಸಾಮಾನ್ಯ ಆಸಾಮಿ ಅಲ್ಲ. ವಿಕ್ಟೋರಿಯಾ ಟರ್ಮಿನಸ್, ಅಂದರೆ ಇವತ್ತಿನ ಸಿಎಸ್‌ಎಂಟಿ ರೈಲು ನಿಲ್ದಾಣ ಕಟ್ಟುವಾಗ ಎಫ್. ಡಬ್ಲ್ಯು. ಸ್ಟೀವನ್ಸ್ ಜೊತೆ ಕೆಲಸ ಮಾಡಿ ಪಳಗಿದ ಕೈ ಅದು. ನೀವು ಮುಂಬೈಗೆ ರೈಲಲ್ಲಿ ಹೋಗಿ ಆ ನಿಲ್ದಾಣದಲ್ಲಿ ಇಳಿದಿದ್ದರೆ, ಅವರ ದುಡಿಮೆಯ ನೆರಳಲ್ಲಿ ಒಂದು ಸಲ ನಡೆದಿದ್ದೀರಿ.

ತಾಜ್ ಕೆಲಸ ನಡೀತಾ ಇರುವಾಗಲೇ, 1900ರಲ್ಲಿ ವೈದ್ಯ ತೀರಿಕೊಂಡರು. ಹೋಟೆಲ್ ಇನ್ನೂ ಅರ್ಧದಲ್ಲಿತ್ತು. ಆಮೇಲೆ ಉಳಿದದ್ದನ್ನು ಮುಗಿಸೋಕೆ ಬಂದವನು ಚೇಂಬರ್ಸ್.

ಈಗ ಆ ದೆವ್ವದ ಕಥೆಯನ್ನು ಇನ್ನೊಂದು ಸಲ ಓದಿ. ಅಡಿಪಾಯ ಹಾಕಿ, ಗೋಡೆ ಎದ್ದ ಮೇಲೆ ಬಂದವನಿಗೆ ಕಟ್ಟಡ ಯಾವ ಕಡೆ ಮುಖ ಮಾಡಿದೆ ಅಂತ ಗೊತ್ತಾಗದೆ ಇರುತ್ತಾ? ದಿನಾ ಎದುರಿಗೇ ನಿಂತು ಕೆಲಸ ಮಾಡಿಸಿದವನು ಕೊನೇ ದಿನ ಬಂದು ಬೆಚ್ಚಿಬಿದ್ದು ಹಾರಿದ ಅಂದರೆ, ಮನೆ ಕಟ್ಟಿಸಿದ ಯಾರಾದರೂ ನಗ್ತಾರೆ.

ಹಾಗಾದರೆ ಉಲ್ಟಾ ಯಾಕಿದೆ?

ಉಲ್ಟಾ ಇಲ್ಲವೇ ಇಲ್ಲ. ಹಳೇ ಕಟ್ಟಡ ಇಂಗ್ಲಿಷಿನ 'ಯು' ಅಕ್ಷರದ ಹಾಗಿದೆ. ಅದರ ತೆರೆದ ಬದಿ ಊರ ಕಡೆಗೆ. ಮೊದಲು ಬಾಗಿಲು ಇದ್ದದ್ದು ಆ ಕಡೆಯೇ. ಈಗ ಅಲ್ಲಿ ಈಜುಕೊಳ ಇದೆ. ಆಗ ಅತಿಥಿಗಳು ಬರ್ತಿದ್ದದ್ದು ಕುದುರೆ ಗಾಡಿಯಲ್ಲಿ, ಊರೊಳಗಿನ ರಸ್ತೆಯಿಂದ. ಗಾಡಿ ಸೀದಾ ಒಳಗೆ ಬಂದು ನಿಲ್ಲಬೇಕು. ಇನ್ನು ಸಮುದ್ರದ ಕಡೆ ಉದ್ದಕ್ಕೂ ಗೋಡೆ ಎದ್ದರೆ ಹೆಚ್ಚು ಕೋಣೆಗಳಿಗೆ ಸಮುದ್ರ ಕಾಣುತ್ತೆ. ಹೋಟೆಲ್ ನಡೆಸೋರಿಗೆ ಯಾವುದು ಮುಖ್ಯ? ಬಾಗಿಲಿಗೆ ಸಮುದ್ರ ಕಾಣೋದಾ, ದುಡ್ಡು ಕೊಟ್ಟು ಉಳಿಯೋ ಅತಿಥಿಗೆ ಸಮುದ್ರ ಕಾಣೋದಾ?

ಇನ್ನೊಂದು ಮಾತು. ಇವತ್ತು ನಾವು ತಾಜ್ ಅಂದ ಕೂಡಲೇ ಪಕ್ಕದಲ್ಲಿ ಗೇಟ್‌ವೇ ಆಫ್ ಇಂಡಿಯಾ ಕಾಣ್ತೀವಿ. ಆದರೆ ಗೇಟ್‌ವೇ ಮುಗಿದದ್ದು 1924ರಲ್ಲಿ. ಹೋಟೆಲ್ ಶುರುವಾದದ್ದು 1903ರ ಡಿಸೆಂಬರ್ 16ಕ್ಕೆ. ಆ ಇಪ್ಪತ್ತು ವರ್ಷ ಅಲ್ಲಿ ಗೇಟ್‌ವೇ ಇರಲಿಲ್ಲ, ಅದರ ಮುಂದೆ ಸೆಲ್ಫಿ ತೆಗೆಯೋರೂ ಇರಲಿಲ್ಲ. ಆಮೇಲೆ ಜನರ ಕಣ್ಣು ಸಮುದ್ರದ ಬದಿಗೆ ತಿರುಗಿತು, ಹೋಟೆಲಿನ ಬಾಗಿಲೂ ಅತ್ತ ಹೋಯಿತು. ಹಳೇ ಬಾಗಿಲು ಹಿಂಬದಿಯಲ್ಲಿ ಉಳಿಯಿತು. ಅದನ್ನು ನೋಡಿದವರು ಯಾಕೆ ಹೀಗಿದೆ ಅಂತ ಕೇಳಿರಬೇಕು. ಉತ್ತರ ಗೊತ್ತಿಲ್ಲದ ಕಡೆ ದೆವ್ವ ಬಂದು ಕೂತುಕೊಳ್ಳುತ್ತೆ.

ಈ ದೆವ್ವ ಮುಂಬೈನದ್ದು ಮಾತ್ರ ಅಂದ್ಕೋಬೇಡಿ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ 1901ರಲ್ಲಿ ತೆರೆದ ಕೆಲ್ವಿನ್‌ಗ್ರೋವ್ ಅನ್ನೋ ದೊಡ್ಡ ವಸ್ತು ಸಂಗ್ರಹಾಲಯ ಇದೆ. ಅದನ್ನೂ ಉಲ್ಟಾ ಕಟ್ಟಿದರು, ವಾಸ್ತುಶಿಲ್ಪಿ ಗೋಪುರದಿಂದ ಹಾರಿದ ಅಂತ ಅಲ್ಲಿನವರು ಹೇಳ್ತಾರೆ. ಅದೂ ಸುಳ್ಳು. ವಿಯೆನ್ನಾದ ಒಪೆರಾ ಕಟ್ಟಡದ ಕಥೆ ಮಾತ್ರ ದುಃಖದ ನಿಜ. ಅದನ್ನು ರೂಪಿಸಿದ ಇಬ್ಬರಲ್ಲಿ ಒಬ್ಬರಾದ ಎಡ್ವರ್ಡ್ ವಾನ್ ಡೆರ್ ನ್ಯೂಲ್, ಊರವರ ಟೀಕೆಗಳ ನಡುವೆ, ಕಟ್ಟಡ ತೆರೆಯೋ ಮುಂಚೆಯೇ 1868ರಲ್ಲಿ ಆತ್ಮಹತ್ಯೆ ಮಾಡಿಕೊಂಡರು.

ನಮ್ಮ ಬೇಲೂರಲ್ಲೂ ಇದೇ ಕಥೆ

ಇಲ್ಲಿ ನನಗೆ ಜಕಣಾಚಾರಿ ನೆನಪಾಗ್ತಾನೆ. ಶಾಲೆಯಲ್ಲಿ ಕೇಳಿದ್ದೀವಲ್ಲ: ಅಪ್ಪ ಕೆತ್ತಿದ ವಿಗ್ರಹದ ಕಲ್ಲಲ್ಲಿ ದೋಷ ಇದೆ ಅಂತ ಮಗ ಡಂಕಣ ಹೇಳಿದ್ದು, ಕಲ್ಲೊಳಗಿಂದ ಕಪ್ಪೆ ಬಂದದ್ದು, ಅಪ್ಪ ತನ್ನ ಕೈಯನ್ನೇ ಕತ್ತರಿಸಿಕೊಂಡದ್ದು. ಬೇಲೂರಿಗೆ ಹೋದವರೆಲ್ಲ ಈ ಕಥೆ ಕೇಳಿಕೊಂಡೇ ಬರ್ತಾರೆ. ಅದೇ ದೇವಸ್ಥಾನದ ಶಿಲ್ಪಗಳಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣನ ಹೆಸರುಗಳಿವೆ. ಕಲ್ಲಲ್ಲಿ ಕೊರೆದ ಹೆಸರು, ನಿಜವಾದ ಅಪ್ಪ, ನಿಜವಾದ ಮಗ. ನಮ್ಮಲ್ಲಿ ಎಷ್ಟು ಜನ ಅದನ್ನು ನಿಂತು ಓದಿದ್ದೀವಿ?

ದಂತಕಥೆ ಬೇಡ ಅಂತ ನಾನು ಹೇಳ್ತಾ ಇಲ್ಲ. ಜಕಣಾಚಾರಿ ಕಥೆ ನನಗೂ ಇಷ್ಟ. ಕೆಲಸದ ಮೇಲೆ ಒಬ್ಬ ಶಿಲ್ಪಿಗೆ ಎಷ್ಟು ನಿಷ್ಠೆ ಇರಬಹುದು ಅನ್ನೋದನ್ನು ಅದು ಹೇಳುತ್ತೆ, ಶಿಲ್ಪಿಯನ್ನು ದೊಡ್ಡವನನ್ನಾಗಿ ಮಾಡುತ್ತೆ. ತಾಜ್ ದೆವ್ವದ ಕಥೆ ಮಾಡೋ ಕೆಲಸವೇ ಬೇರೆ. ಅದರಲ್ಲಿ ಬುದ್ಧಿವಂತ ಇಂಗ್ಲಿಷಿನವನು, ದಡ್ಡರು ನಮ್ಮವರು. ನಕ್ಷೆಯ ತಲೆ ಯಾವುದು, ಬುಡ ಯಾವುದು ಅಂತಾನೂ ತಿಳಿಯದ ಕೆಲಸಗಾರರು! ನಿಜವಾಗಿ ನಕ್ಷೆ ಬರೆದ ವೈದ್ಯ ಮತ್ತು ಮಿರ್ಜಾ ಆ ಕಥೆಯಲ್ಲಿ ಇಲ್ಲವೇ ಇಲ್ಲ. ಗುತ್ತಿಗೆದಾರ ಸೊರಾಬ್ಜಿ ರತ್ತನ್‌ಜಿ ಕೂಡ ಇಲ್ಲ. ಹೋಟೆಲಿನ ನಡುವೆ, ಕೆಳಗೆ ಕಂಬದ ಆಸರೆ ಇಲ್ಲದೆ ತೇಲಿದ ಹಾಗೆ ಮೇಲೇರುವ ಆ ಪ್ರಸಿದ್ಧ ಮೆಟ್ಟಿಲಸಾಲು ಅವರದ್ದೇ ಕಲ್ಪನೆ. ನಕ್ಷೆ ಓದಲು ಬಾರದವರು ಅಂಥ ಮೆಟ್ಟಿಲು ಕಟ್ಟಬಲ್ಲರೇ?

ಆಫೀಸಿನಲ್ಲಿ ಕೆಲಸ ಮಾಡೋ ನಮಗೆ ಇದು ಹೊಸದೇನೂ ಅಲ್ಲ ಬಿಡಿ. ರಾತ್ರಿಯೆಲ್ಲ ಕೂತು ಪಿಪಿಟಿ ಮಾಡಿದವರು ಒಬ್ಬರು, ಕೊನೆಯ ಸ್ಲೈಡಿನಲ್ಲಿ ಹೆಸರು ಇನ್ನೊಬ್ಬರದು. ವೈದ್ಯರದ್ದು ಸ್ವಲ್ಪ ದೊಡ್ಡ ಪಿಪಿಟಿ, ಅಷ್ಟೇ.

ಹೋಟೆಲ್ ಕಟ್ಟಿಸಿದವರ ಕಥೆಯೂ ಹಾಗೇ

ಜಮ್‌ಶೆಟ್‌ಜಿ ಟಾಟಾ ಅವರಿಗೆ ವಾಟ್ಸನ್ ಹೋಟೆಲಿನಲ್ಲಿ ಪ್ರವೇಶ ಕೊಡಲಿಲ್ಲ, ಆ ಸಿಟ್ಟಿಗೆ ತಾಜ್ ಕಟ್ಟಿದರು ಅಂತ ಇನ್ನೊಂದು ಕಥೆ ಇದೆ. ಇದನ್ನು ಒಪ್ಪದ ಇತಿಹಾಸಕಾರರೂ ಇದ್ದಾರೆ. ಖಂಡಿತ ನಡೆದದ್ದು ಏನು ಅಂತ ನೋಡಿದರೆ ಅದೇ ಹೆಚ್ಚು ರೋಚಕ. 1896ರಲ್ಲಿ ಬೊಂಬಾಯಿಗೆ ಪ್ಲೇಗ್ ಬಂದಿತ್ತು. ಜನ ಊರು ಬಿಟ್ಟು ಓಡ್ತಿದ್ದರು. ಅಂಥ ಕಾಲದಲ್ಲಿ ಒಬ್ಬ ಮನುಷ್ಯ ಕೈಯಿಂದ ದುಡ್ಡು ಹಾಕಿ, ಈ ಊರಿಗೆ ದೇಶವಿದೇಶದ ಜನ ಮತ್ತೆ ಬರ್ತಾರೆ ಅಂತ ನಂಬಿ ಹೋಟೆಲಿಗೆ ಕೈ ಹಾಕಿದ. ಆ ಕಾಲಕ್ಕೇ ವಿದ್ಯುತ್ ದೀಪ, ಜರ್ಮನಿಯ ಲಿಫ್ಟು, ಅಮೆರಿಕದ ಫ್ಯಾನು ತರಿಸಿದ. ತೆರೆದ ದಿನ ಬಂದವರು 17 ಅತಿಥಿಗಳು. ಕೋಣೆಗೆ ದಿನಕ್ಕೆ 10 ರೂಪಾಯಿ. ಫ್ಯಾನು, ಸ್ನಾನದ ಮನೆ ಬೇಕಾದರೆ 13.

ಐದು ತಿಂಗಳಲ್ಲಿ, 1904ರ ಮೇನಲ್ಲಿ, ಜಮ್‌ಶೆಟ್‌ಜಿ ಜರ್ಮನಿಯಲ್ಲಿ ತೀರಿಕೊಂಡರು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಜನರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್, ಅದೂ ಅವರದೇ ಕನಸು. 1909ರಲ್ಲಿ ಅದು ಸ್ಥಾಪನೆ ಆದದ್ದನ್ನು ನೋಡಲು ಅವರು ಇರಲಿಲ್ಲ.

ನಿಜವಾಗಿ ಸತ್ತವರು

ದೆವ್ವದ ಪಟ್ಟಿ ಮಾಡೋರಿಗೆ ಒಂದು ವಿಷಯ ಕೇಳಬೇಕು ಅನ್ಸುತ್ತೆ. ತಾಜ್‌ನಲ್ಲಿ ನಿಜವಾಗಿ ಸಾವು ಸಂಭವಿಸಿದೆ. 2008ರ ನವೆಂಬರ್ 26ರ ದಾಳಿಯಲ್ಲಿ ಅಲ್ಲಿ 31 ಜನ ಹೋದರು. ಅವರಲ್ಲಿ 11 ಮಂದಿ ಹೋಟೆಲಿನ ಸಿಬ್ಬಂದಿ. ಹಿಂಬಾಗಿಲುಗಳೆಲ್ಲ ಗೊತ್ತಿದ್ದವರು, ಮೊದಲು ಓಡಬಹುದಾಗಿದ್ದವರು. ಅಡುಗೆಮನೆಯವರು ಅತಿಥಿಗಳಿಗೆ ಅಡ್ಡ ನಿಂತರು. ಟೆಲಿಫೋನ್ ಆಪರೇಟರುಗಳು ಜಾಗ ಬಿಡದೆ ಕೋಣೆ ಕೋಣೆಗೆ ಫೋನ್ ಮಾಡಿ ಬಾಗಿಲು ತೆಗೀಬೇಡಿ, ದೀಪ ಹಾಕಬೇಡಿ ಅಂತ ಹೇಳ್ತಾ ಕೂತರು. ಬೆಂಗಳೂರಿನ ಹುಡುಗ ಮೇಜರ್ ಸಂದೀಪ್ ಉನ್ನಿಕೃಷ್ಣನ್ 28ರಂದು ಅದೇ ಕಟ್ಟಡದೊಳಗಿನ ಕಾದಾಟದಲ್ಲಿ ಪ್ರಾಣ ಕೊಟ್ಟರು. ಯಲಹಂಕದಲ್ಲಿ ಅವರ ಹೆಸರಿನ ರಸ್ತೆ ಇದೆ. ಅಲ್ಲಿನ ಟ್ರಾಫಿಕ್‌ನಲ್ಲಿ ನಿಂತು ನಮ್ಮಲ್ಲಿ ಎಷ್ಟೋ ಜನ ಆಫೀಸಿಗೆ ತಡ ಆಗಿದ್ದೀವಿ.

ನಾನು ನೋಡಿದ ಯಾವ ದೆವ್ವದ ಪಟ್ಟಿಯಲ್ಲೂ ಇವರಿಲ್ಲ. ಇರಬಾರದು ಕೂಡ. ಅವರು ಯಾರು, ಏನು ಮಾಡಿದರು ಅಂತ ನಮಗೆ ಗೊತ್ತು. ಸತ್ತವರ ಹೆಸರನ್ನು ಹೋಟೆಲಿನೊಳಗೆ ಬರೆದು ಇಟ್ಟಿದ್ದಾರೆ. ಹೆಸರು ಗೊತ್ತಿದ್ದವರನ್ನು ನಾವು ನೆನಪು ಮಾಡ್ಕೋತೀವಿ. ಹೆಸರು ಮರೆತ ಕಡೆ ಮಾತ್ರ ದೆವ್ವ ಹುಟ್ಟಿಸ್ತೀವಿ.

ಸುಟ್ಟ ಆ ಹಳೇ ಕಟ್ಟಡ ರಿಪೇರಿಯಾಗಿ 2010ರ ಆಗಸ್ಟ್ 15ರಂದು ಮತ್ತೆ ತೆರೆಯಿತು. ಮುಂದಿನ ಸಲ ಕೆಲಸಕ್ಕೋ ಮದುವೆಗೋ ಮುಂಬೈಗೆ ಹೋದರೆ, ಗೇಟ್‌ವೇ ಹತ್ತಿರ ಫೋಟೋ ತೆಗೆಸಿಕೊಂಡ ಮೇಲೆ ಹತ್ತು ನಿಮಿಷ ಹೆಚ್ಚು ಇಟ್ಟುಕೊಳ್ಳಿ. ಹೋಟೆಲಿನ ಒಂದು ಸುತ್ತು ಹಾಕಿ, ಹಿಂದಿನ ರಸ್ತೆಗೆ ಹೋಗಿ ನಿಂತು ನೋಡಿ. ಕುದುರೆ ಗಾಡಿಗಳು ಬರ್ತಿದ್ದದ್ದು ಆ ಕಡೆಯಿಂದ. ಜೊತೆಗಿದ್ದವರು ಉಲ್ಟಾ ಕಟ್ಟಿದ್ದಾರಂತೆ ಅಂತ ಕಥೆ ಶುರು ಮಾಡಿದರೆ ಪೂರ್ತಿ ಹೇಳಲು ಬಿಡಿ. ಮುಗಿದ ಮೇಲೆ ಒಂದು ಹೆಸರು ಸೇರಿಸಿ: ಸೀತಾರಾಮ್ ಖಂಡೇರಾವ್ ವೈದ್ಯ.